ಮುಡುಕುತೊರೆ ಜಾತ್ರೆ, ಒಂದು ಫೋನು, 22 ಸೆಕೆಂಡು

(ಟಿ. ನರಸೀಪುರ ತಾಲ್ಲೂಕಿನ ಮುಡುಕುತೊರೆಯ ಯುವ ನಿರ್ದೇಶಕರೊಬ್ಬರು ತಮ್ಮ ಮೊದಲ ಕಿರುಚಿತ್ರದ ಬಗ್ಗೆ ನಮ್ಮ ಪಾಡ್‌ಕಾಸ್ಟ್‌ನಲ್ಲಿ ಆಡಿದ ಮಾತಿನ ಬರಹರೂಪ. ಮಾತಿನ ಧಾಟಿಯನ್ನು ಆದಷ್ಟೂ ಹಾಗೇ ಉಳಿಸಿಕೊಂಡಿದ್ದೇವೆ. ಮನೆಯವರ ಹೆಸರು ಹೇಳುವುದು ಬೇಡ ಎಂದು ಅವರೇ ಕೇಳಿಕೊಂಡರು. ಯಾಕೆ ಅನ್ನೋದು ಮುಂದೆ ಗೊತ್ತಾಗುತ್ತೆ.)



ಹಿಂದುಗಡೆ ಗುಂಯ್ ಅಂತಿರೋದು ಗಾಳಿ. ಕ್ಷಮಿಸಿ. ನಾನೀಗ ಮುಡುಕುತೊರೆ ಬೆಟ್ಟದ ಮೆಟ್ಟಿಲ ಮೇಲೆ ಕೂತಿದೀನಿ. ಮೇಲೆ ಮಲ್ಲಿಕಾರ್ಜುನನ ಗುಡಿ, ಕೆಳಗೆ ಕಾವೇರಿ. ಹೊಳೆ ಇಲ್ಲಿ ಬಂದು ಮುಡುಕ್ಕೊಂಡು, ಅಂದ್ರೆ ತಿರುಗಿಕೊಂಡು ಹೋಗುತ್ತೆ, ಅದಕ್ಕೇ ಊರಿಗೆ ಈ ಹೆಸರು ಅಂತ ಹಿರಿಯರು ಹೇಳ್ತಾರೆ. ತಲಕಾಡಿನ ಪಂಚಲಿಂಗ ದರ್ಶನ ಅಂತ ನೀವು ಕೇಳಿರ್ತೀರಲ್ಲ, ಆ ಐದು ಲಿಂಗಗಳಲ್ಲಿ ಒಂದು ಇಲ್ಲೇ ಇದೆ. ಹೊರಗಿನವರಿಗೆ ತಲಕಾಡು ಗೊತ್ತು, ಅಲ್ಲಿನ ಮರಳು ಗೊತ್ತು. ಮುಡುಕುತೊರೆ ಅಂದ್ರೆ ‘ಎಲ್ಲಿ ಬರುತ್ತೆ ಅದು?’ ಅಂತಾರೆ. ಆದ್ರೆ ದನ ಸಾಕೋರನ್ನ ಕೇಳಿ ನೋಡಿ. ಮಂಡ್ಯ, ಚಾಮರಾಜನಗರ, ರಾಮನಗರ ಕಡೆಯವರಿಗೆಲ್ಲ ಮುಡುಕುತೊರೆ ಅಂದ್ರೆ ದನಗಳ ಜಾತ್ರೆ. ಸಂಕ್ರಾಂತಿ ಕಳೆದ ಮೇಲೆ ಈ ಬೆಟ್ಟದ ಕೆಳಗೆ ಕಣ್ಣು ಹಾಯಿಸಿದಷ್ಟು ದೂರ ಹಳ್ಳಿಕಾರ್ ಎತ್ತುಗಳೇ.

ಕ್ರಿಯೇಟಿವಿಟಿ ಬಗ್ಗೆ ಮಾತಾಡಿ ಅಂತ ಕೇಳಿದ್ರು. ಆ ಪದ ಕೇಳಿದ್ರೆ ನನಗೆ ಸ್ವಲ್ಪ ಗಾಬರಿ. ಯಾಕಂದ್ರೆ ನನ್ನ ಕಸುಬು ಮದುವೆ ವಿಡಿಯೊ. ಪ್ರೀ-ವೆಡ್ಡಿಂಗ್ ಶೂಟ್‌ಗೆ ತಲಕಾಡಿನ ಮರಳಿಗೆ ಬರ್ತಾರಲ್ಲ ಜೋಡಿಗಳು, ಗೌನ್ ಹಿಡ್ಕೊಂಡು ಓಡು, ತಿರುಗಿ ನಗು, ಇನ್ನೊಂದ್ ಸಲ ಓಡು ಅಂತ ಹೇಳೋನು ನಾನೇ. ಅದರಲ್ಲಿ ನಾಚಿಕೆ ಏನಿಲ್ಲ. ಕ್ಯಾಮೆರಾ ಹಿಡಿಯೋಕೆ, ಬೆಳಕು ನೋಡೋಕೆ ಕಲಿಸಿದ್ದು ಮದುವೆಮನೆ. ಧಾರೆ ಹೊತ್ತಲ್ಲಿ ಅಕ್ಷತೆ ಬೀಳೋದನ್ನ ತಪ್ಪಿಸ್ಕೊಂಡ್ರೆ ಒನ್ ಮೋರ್ ಕೇಳಕ್ಕಾಗಲ್ಲ. ಈ ಭಯ ಯಾವ ಫಿಲ್ಮ್ ಸ್ಕೂಲಲ್ಲೂ ಸಿಗಲ್ಲ.

ನನ್ನ ಸಿನಿಮಾ 14 ನಿಮಿಷದ್ದು. ಎರಡು ವರ್ಷದ ಹಿಂದೆ ತೆಗೆದಿದ್ದು. ಕತೆ ಅಂತ ಏನೂ ಇಲ್ಲ. ನಮ್ಮ ಸೋದರಮಾವನ ಮನೇಲಿ ಒಂದು ಜೋಡಿ ಎತ್ತು ಇದ್ವು. ದೊಡ್ಡೋನು, ಚಿಕ್ಕೋನು ಅಂತ ಹೆಸರು. ಮಾವನಿಗೆ ಮಂಡಿನೋವು. ಉಳುಮೆಗೆ ಟ್ರ್ಯಾಕ್ಟರ್ ಬಾಡಿಗೆಗೆ ಬರುತ್ತೆ. ಎತ್ತಿಗೆ ಹುರುಳಿ, ಹಿಂಡಿ, ಬೂಸ ಹಾಕಿ ಸುಮ್ಮನೆ ಕಟ್ಟಿಕೊಂಡಿರೋದು ಎಷ್ಟು ದಿನ? ಈ ಸಲ ಜಾತ್ರೇಲಿ ಕೊಟ್ಟುಬಿಡ್ತೀನಿ ಅಂದ್ರು. ನಾನು, ನಾನೂ ಬರ್ತೀನಿ, ಫೋನಲ್ಲಿ ತೆಗೀತೀನಿ ಅಂದೆ. ‘ತೆಗಿ ಮೊಗ, ಏನೀಗ’ ಅಂದ್ರು. ಒಪ್ಪಿಗೆ ಅಂತ ಸಿಕ್ಕಿದ್ದು ಅಷ್ಟೇ. ಆ ಎರಡು ಪದದ ಮೇಲೆ ನಾನು ಎಷ್ಟೆಲ್ಲ ಕಟ್ಟಿಕೊಂಡೆ ಅಂತ ಆಮೇಲೆ ಅರ್ಥ ಆಯ್ತು.

ಮೊದಲು ಕೆಲಸದ ಮಾತು ಹೇಳಿಬಿಡ್ತೀನಿ, ಕೇಳ್ತಿರೋರಲ್ಲಿ ಫೋನಲ್ಲಿ ಸಿನಿಮಾ ಮಾಡಬೇಕು ಅನ್ನೋರು ಬೇಕಾದಷ್ಟು ಜನ ಇರ್ತಾರೆ. ಖರ್ಚು ಪೂರ್ತಿ 36,300 ರೂಪಾಯಿ. ಕಾಲರ್ ಮೈಕಿಗೆ 1,800, ಹಾರ್ಡ್ ಡಿಸ್ಕಿಗೆ 4,500, ಐದು ದಿನ ಮೂರು ಜನ ಗೆಳೆಯರ ಊಟ ತಿಂಡಿಗೆ 6,000, ಗಾಡಿಗೆ 3,000, ಮೈಸೂರಲ್ಲಿ ಸೌಂಡ್ ಸರಿ ಮಾಡಿಸೋಕೆ 12,000, ಫೆಸ್ಟಿವಲ್‌ಗಳಿಗೆ ಕಳಿಸೋ ಫೀಸು 9,000. ನೋಡಿ, ಚಿತ್ರಕ್ಕಿಂತ ಶಬ್ದಕ್ಕೆ ಜಾಸ್ತಿ ಹೋಗಿದೆ. ಹಾಗೇ ಆಗಬೇಕು ಅದು. ಪಿಕ್ಚರ್ ಸ್ವಲ್ಪ ಮಸುಕಾದ್ರೆ ಜನ ‘ಆರ್ಟ್ ಸಿನಿಮಾ’ ಅಂತ ಸಹಿಸ್ಕೋತಾರೆ, ಮಾತು ಕೇಳಿಸ್ಲಿಲ್ಲ ಅಂದ್ರೆ ಎದ್ದು ಹೋಗ್ತಾರೆ. ಇನ್ನೊಂದು, ಜಾತ್ರೇಲಿ ಟ್ಯೂಬ್‌ಲೈಟು, ಸೀರಿಯಲ್ ಸೆಟ್ಟು ಜಾಸ್ತಿ. ನಮ್ಮ ಕರೆಂಟು 50 ಹರ್ಟ್ಸ್. ಫೋನ್ ಕ್ಯಾಮೆರಾ 30 ಫ್ರೇಮಿನಲ್ಲಿ ಇದ್ರೆ ರಾತ್ರಿ ಬೆಳಕೆಲ್ಲ ಪಟಪಟ ಮಿಟುಕುತ್ತೆ. 25 ಫ್ರೇಮಿಗೆ ಇಟ್ಟು, ಶಟರ್ 50ರಲ್ಲಿ ಒಂದು ಭಾಗಕ್ಕೆ ಕಟ್ಟಿಹಾಕಿ. ಮೊದಲ ರಾತ್ರಿ ತೆಗೆದಿದ್ದೆಲ್ಲ ನಂದು ಇದೇ ಕಾರಣಕ್ಕೆ ಹಾಳಾಯ್ತು.

ಇನ್ನೊಂದು ಪಾಠ ಲೌಡ್‌ಸ್ಪೀಕರ್‌ದು. ಜಾತ್ರೆ ಅಂದ್ಮೇಲೆ ಸಿನಿಮಾ ಹಾಡು ಇರಲೇಬೇಕು. ಮಾವ ದಲ್ಲಾಳಿ ಜೊತೆ ಮಾತಾಡ್ತಿರೋ ಒಳ್ಳೇ ಶಾಟಿನ ಹಿಂದೆ ಒಂದು ಹಿಟ್ ಹಾಡು ಪೂರ್ತಿ ಓಡಿದೆ. ಅಪ್‌ಲೋಡ್ ಮಾಡಿದ ಹತ್ತೇ ನಿಮಿಷಕ್ಕೆ ಕಾಪಿರೈಟ್ ನೋಟಿಸು. ಜಾತ್ರೆ ನಮ್ಮದು, ಮಾವ ನಮ್ಮೋನು, ಎತ್ತು ನಮ್ದು, ಗಾಳೀಲಿ ತೇಲಿ ಬಂದ ಹಾಡು ಮಾತ್ರ ಇನ್ಯಾರದೋ! ಕೊನೆಗೆ ಆ ಶಬ್ದ ಎಲ್ಲ ತೆಗೆದು, ಬೇರೆ ದಿನ ಬೇರೆ ಜಾಗದಲ್ಲಿ ಗಂಟೆ ಸದ್ದು, ದನದ ಉಸಿರು ರೆಕಾರ್ಡ್ ಮಾಡಿ ಕೂರಿಸಿದ್ದು. ಈಗ ನೋಡಿದೋರು ‘ಸೌಂಡ್ ಡಿಸೈನ್ ಎಷ್ಟು ಚೆನ್ನಾಗಿದೆ’ ಅಂತಾರೆ. [ನಗು] ನೋಟಿಸಿನ ಪುಣ್ಯ.

ದಲ್ಲಾಳಿ ಅಂದೆ. ನೀವು ದನದ ವ್ಯಾಪಾರ ನೋಡಿಲ್ಲ ಅಂದ್ರೆ ಒಂದ್ಸಲ ನೋಡಿ. ರೇಟು ಬಾಯಲ್ಲಿ ಹೇಳಲ್ಲ. ಟವೆಲ್ ಒಳಗೆ ಕೈ ಕೈ ಹಿಡ್ಕೊಂಡು ಬೆರಳಲ್ಲಿ ಹೇಳ್ತಾರೆ. ಮುಖ ನೋಡಿದ್ರೆ ಮಳೆ ಬಗ್ಗೆ ಮಾತಾಡ್ತಿದಾರೆ ಅನ್ಸುತ್ತೆ, ಒಳಗೆ ಬೆರಳುಗಳು ಸಾವಿರ ಲಕ್ಷ ಲೆಕ್ಕ ಹಾಕ್ತಿರ್ತವೆ. ನನಗೆ ಆ ಟವೆಲ್ಲೇ ಸಿನಿಮಾ ಅನ್ನಿಸ್ತು. ಕ್ಯಾಮೆರಾಕ್ಕೆ ಏನೂ ಕಾಣಲ್ಲ, ಆದ್ರೆ ನಡೀತಿರೋದೆಲ್ಲ ಅಲ್ಲೇ. ಒಂದೂವರೆ ನಿಮಿಷ ಟವೆಲ್ ಮೇಲೇ ಇಟ್ಟಿದೀನಿ. ಬೋರು ಅಂದೋರಿದಾರೆ. ಅಂದ್ಕೊಳ್ಲಿ.

ಆಮೇಲೆ ಅಡ್ಡ, ಉದ್ದ ಅನ್ನೋ ಜಗಳ. ನನ್ನ ಗೆಳೆಯ ಒಬ್ಬ ರೀಲ್ಸ್ ಮಾಡೋನು, ಒಳ್ಳೇ ಕೈ ಅವನದು. ‘ಫೋನ್ ಉದ್ದಕ್ಕೆ ಹಿಡಿಯೋ, ಯಾರೂ ಫೋನ್ ತಿರುಗಿಸಿ ನೋಡಲ್ಲ’ ಅಂದ. ನಿಜ. ನೀವೂ ತಿರುಗಿಸಲ್ಲ, ನಾನೂ ತಿರುಗಿಸಲ್ಲ. ಎರಡು ದಿನ ಉದ್ದಕ್ಕೇ ತೆಗೆದೆ. ಒಂದು ವಿಚಿತ್ರ ಗೊತ್ತಾಯ್ತು: ಉದ್ದದ ಫ್ರೇಮಲ್ಲಿ ಒಂದು ಎತ್ತು ಹಿಡಿಸುತ್ತೆ, ಜೋಡಿ ಹಿಡಿಸಲ್ಲ. ಮಾವ ಮಧ್ಯ ನಿಂತ್ರೆ ಆ ಕಡೆ ಒಂದು ಕೊಂಬು, ಈ ಕಡೆ ಒಂದು ಕಿವಿ. ದೂರ ಹೋದ್ರೆ ಮೂರೂ ಬರ್ತಾರೆ, ಆದ್ರೆ ಮುಖ ಕಾಣಲ್ಲ. ನನ್ನ ಸಿನಿಮಾ ಇರೋದೇ ಜೋಡಿ ಬಗ್ಗೆ. ಮೂರನೇ ದಿನ ಫೋನ್ ಅಡ್ಡ ಹಿಡಿದೆ.

ಈಗ ಆ 22 ಸೆಕೆಂಡಿನ ವಿಷಯಕ್ಕೆ ಬರ್ತೀನಿ.

ನಾಲ್ಕನೇ ದಿನ ಮಧ್ಯಾಹ್ನ ಜೋಡಿ ಹೋಯ್ತು. ಕೊಂಡೋರು ಹೊಳೆ ಆಚೆಯವರು. ದುಡ್ಡು ಎಣಿಸಿ ಕೊಟ್ರು, ಎತ್ತಿನ ಹಣೆಗೆ ಅರಿಶಿನ ಕುಂಕುಮ ಇಟ್ರು, ಹಿಡ್ಕೊಂಡು ಹೊರಟ್ರು. ನಮ್ಮ ಮನೆಯೋರದ್ದು ಒಂದು ಪದ್ಧತಿ, ಎತ್ತು ಕೊಟ್ಟರೂ ಹಳೇ ಹಗ್ಗ ಕೊಡಲ್ಲ, ವಾಪಸ್ ತರ್ತಾರೆ. ಮಾವ ಆ ಹಗ್ಗ ಸುತ್ತಿ ಕೈಲಿ ಹಿಡ್ಕೊಂಡು, ಹೊಳೆ ಕಡೆ ಮುಖ ಮಾಡಿ ನಿಂತ್ರು. ಟವೆಲ್ಲಲ್ಲಿ ಕಣ್ಣು ಒರೆಸಿಕೊಂಡ್ರು. ಮತ್ತೊಂದ್ಸಲ ಒರೆಸಿಕೊಂಡ್ರು. ನಾನು ಪಕ್ಕದಿಂದ ತೆಗೀತಾನೇ ಇದ್ದೆ. ಕೈ ನಡುಗ್ತಿತ್ತು. ಖುಷಿಗೆ. ಸುಳ್ಳು ಹೇಳಬಾರದು, ಆ ಕ್ಷಣ ನನಗೆ ಬೇಜಾರಾಗಲಿಲ್ಲ, ಸಿಕ್ಕಿಬಿಡ್ತು ಶಾಟು ಅಂತ ಎದೆ ಕುಣೀತಿತ್ತು.

ಸಿನಿಮಾ ಎಡಿಟ್ ಆಗೋಕೆ ಮುಂಚೆ ಆ ತುಣುಕನ್ನ ಟೀಸರ್ ಅಂತ ರೀಲ್ ಹಾಕಿದೆ. ಎರಡೂ ಬದಿ ಕತ್ತರಿಸಿ ಉದ್ದ ಮಾಡಿ, ಹಿಂದೆ ಒಂದು ದುಃಖದ ಟ್ಯೂನ್ ಹಾಕಿ. ನಾಲ್ಕು ದಿನಕ್ಕೆ 11 ಲಕ್ಷ ವ್ಯೂಸ್. ಮದುವೆ ಆರ್ಡರ್ ಕೊಡೋರೆಲ್ಲ ‘ಏನ್ ಗುರು ಫೇಮಸ್ಸು’ ಅಂತ ಫೋನ್ ಮಾಡಿದ್ರು. ದುಡ್ಡು ಒಂದು ರೂಪಾಯಿ ಬರಲಿಲ್ಲ, ಅದು ಬೇರೆ ಮಾತು.

ಐದನೇ ದಿನ ಯಾವುದೋ ಪೇಜಿನವರು ಅದನ್ನ ಎತ್ತಿಕೊಂಡು, ನನ್ನ ಹೆಸರು ಮುಚ್ಚಿ, ಹೊಸ ಸಾಲು ಬರೆದು ಹಾಕಿದ್ರು: ಮಗ ಅನ್ನ ಹಾಕ್ತಿಲ್ಲ, ಹೊಟ್ಟೆಪಾಡಿಗೆ ಎತ್ತು ಮಾರಿದ ಅಪ್ಪ. ಇನ್ನೊಂದು ಪೇಜು ‘ಸಾಲಕ್ಕೆ’ ಅಂತು. ಮತ್ತೊಂದರಲ್ಲಿ ಸಹಾಯ ಮಾಡಿ ಅಂತ ಕ್ಯೂಆರ್ ಕೋಡು! ಯಾರ ಅಕೌಂಟೋ ದೇವರೇ ಬಲ್ಲ. ಮಾವನ ಮಗ, ನನಗೆ ಭಾವ ಆಗ್ಬೇಕು, ನಂಜನಗೂಡು ಕಡೆ ಫ್ಯಾಕ್ಟರೀಲಿ ಕೆಲಸ. ಪ್ರತಿ ತಿಂಗಳು ದುಡ್ಡು ಕೊಡ್ತಾರೆ, ಮಾವನ ಮಂಡಿ ಆಪರೇಷನ್‌ಗೆ ಅಂತ ಚೀಟಿ ಹಾಕಿದ್ರು. ಅವರ ಫೋಟೊ ಯಾರೋ ಹುಡುಕಿ ತೆಗೆದು ಕಾಮೆಂಟಲ್ಲಿ ಹಾಕಿದ್ರು. ಕ್ಯಾಂಟೀನಲ್ಲಿ ಊಟ ಮಾಡ್ತಿದ್ದೋರನ್ನ ಜೊತೆಯೋನೊಬ್ಬ ಬಂದು ‘ಅಪ್ಪಂಗೆ ಅನ್ನ ಹಾಕದೋನು ಇಲ್ಲಿ ಚೆನ್ನಾಗ್ ಉಣ್ತಾನೆ’ ಅಂದನಂತೆ. ಭಾವ ತಟ್ಟೆ ಬಿಟ್ಟು ಎದ್ದರಂತೆ.

ಅವತ್ತು ಸಾಯಂಕಾಲ ನನಗೆ ಫೋನ್ ಮಾಡಿದ್ರು. ಬೈತಾರೆ ಅಂದ್ಕೊಂಡೆ. ಬೈಯಲಿಲ್ಲ. ‘ನೀನು ಸಿನಿಮಾ ಮಾಡ್ತಿದೀಯ ಅಂತ ನಾನೂ ನಾಲ್ಕು ಜನಕ್ಕೆ ಹೇಳಿದ್ದೆ ಕಣೋ’ ಅಂದು ಇಟ್ಟುಬಿಟ್ರು. ಇವತ್ತಿಗೂ ಆ ಮಾತು ಕಿವೀಲಿದೆ.

ನಾನು ನನ್ನ ರೀಲ್ ತೆಗೆದೆ. ಆ ಪೇಜುಗಳಿಗೆಲ್ಲ ಬರೆದೆ, ರಿಪೋರ್ಟ್ ಮಾಡಿದೆ, ಎರಡು ಹೋದ್ವು, ಮೂರು ಹೊಸದು ಬಂದ್ವು. ಹೊಳೇಲಿ ಬಿಟ್ಟ ಅರಿಶಿನ ಆರಿಸಿಕೊಳ್ಳೋಕಾಗುತ್ತಾ? ಆಮೇಲೆ ಮಾವನ ಹತ್ರ ಹೋದೆ. ಅಂಗಳದಲ್ಲಿ ಬೀಡಿ ಹಚ್ಕೊಂಡು ಕೂತಿದ್ರು. ಖಾಲಿ ಗೊಂತು ಎದುರಿಗೇ ಇತ್ತು. ನಡೆದಿದ್ದೆಲ್ಲ ಹೇಳಿದೆ. ಅವರು ಕೇಳಿದ ಮೊದಲ ಪ್ರಶ್ನೆ:

‘ನಾನ್ ಅಳ್ತಿದ್ದೆ ಅಂತ ಯಾರ್ ಹೇಳುದ್ರು ನಿಂಗೆ?’

‘ಮಾವ, ಕಣ್ಣು ಒರೆಸಿಕೊಂಡ್ರಲ್ಲ...’

‘ಕಣ್ಗೆ ಬೂಸ ಬಿದ್ದಿತ್ತು ಕನ. ಗಾಳಿ ಬರ್ತಿರ್ನಿಲ್ವ?’

ಗಾಳಿ ಬರ್ತಿತ್ತು. ನಿಜ. ನನ್ನ ಒರಿಜಿನಲ್ ರೆಕಾರ್ಡಿಂಗಲ್ಲಿ ಗಾಳಿ ಸದ್ದು ಇದೆ, ನಾನೇ ಅದನ್ನ ತೆಗೆದು ಟ್ಯೂನ್ ಹಾಕಿದ್ದು. ಅವರು ಅತ್ತರೋ, ಬೂಸ ಬಿದ್ದಿತ್ತೋ ನನಗೆ ಇವತ್ತಿಗೂ ಗೊತ್ತಿಲ್ಲ. ಅಳಲಿಲ್ಲ ಅಂತ ಹೇಳೋದು ಅವರ ಮರ್ಯಾದೆ ಇರಬಹುದು. ಆದ್ರೆ ಅದನ್ನ ತೀರ್ಮಾನ ಮಾಡೋನು ನಾನಾ? ಆ 11 ಲಕ್ಷ ಜನಾನಾ?

ಇದಾದ ಮೇಲೆ ನಾನು ಮಾಡಿದ ಕೆಲಸ, ಕನ್ನಡದಲ್ಲಿ ಹೀಗೆ ಊರಿನವರನ್ನೇ ಇಟ್ಕೊಂಡು ಸಿನಿಮಾ ಮಾಡಿದೋರ ಸಿನಿಮಾಗಳನ್ನ ಮತ್ತೆ ಕೂತು ನೋಡಿದ್ದು. ‘ತಿಥಿ’ ನಿಮಗೆಲ್ಲ ಗೊತ್ತು. ರಾಮ್ ರೆಡ್ಡಿ ನಿರ್ದೇಶನ, ಜೊತೆಗೆ ಬರೆದೋರು ಈರೇಗೌಡ. ಮಂಡ್ಯ ಜಿಲ್ಲೆ ನೊದೆಕೊಪ್ಪಲು ಈರೇಗೌಡರ ಊರು. ಅಲ್ಲಿಯವರೇ ಪಾತ್ರಧಾರಿಗಳು. 2015ರಲ್ಲಿ ಲೊಕಾರ್ನೊದಲ್ಲಿ ಎರಡು ಪ್ರಶಸ್ತಿ ಬಂತು, ಮುಂದಿನ ವರ್ಷ ನಮ್ಮ ಥಿಯೇಟರ್‌ಗಳಿಗೆ ಬಂತು. ನಾನದನ್ನ ಮೊದಲು ನೋಡಿದಾಗ ನಕ್ಕಿದ್ದೆ. ಈಗ ನೋಡಿದಾಗ ಕಂಡಿದ್ದು ಬೇರೆ: ಅಲ್ಲಿ ಗಡ್ಡಪ್ಪ ಅನ್ನೋದು ಪಾತ್ರ. ಅದನ್ನ ಮಾಡಿದ ಚನ್ನೇಗೌಡರು ಬೇರೆ ಮನುಷ್ಯ. ಗಡ್ಡಪ್ಪ ತಂದೆ ಸತ್ತರೂ ಅಳಲ್ಲ, ಬೀಡಿ ಸೇದ್ಕೊಂಡು ಹೋಗ್ತಾನೆ, ಅದಕ್ಕೆ ಚನ್ನೇಗೌಡರನ್ನ ಯಾರೂ ಬೈಯಲ್ಲ. ನಡುವೆ ಒಂದು ಕತೆ ಅನ್ನೋ ಬೇಲಿ ಇದೆ. ಆ ಬೇಲಿ ಇರೋದ್ರಿಂದ ಅವರು ಒಳಗೆ ಆರಾಮಾಗಿ ಏನು ಬೇಕಾದ್ರೂ ಆಗಬಹುದು. ಜನ ಆಮೇಲೆ ಗಡ್ಡಪ್ಪ, ಸೆಂಚುರಿ ಗೌಡ ಅಂತ ಪಾತ್ರದ ಹೆಸರಲ್ಲೇ ಕರೆದ್ರು, ಅದೇ ಹೆಸರಿನ ಮೇಲೆ ಬೇರೆ ಸಿನಿಮಾಗಳಿಗೂ ಕರೆಸ್ಕೊಂಡ್ರು. ಬೇಲಿ ಅಲ್ಲೂ ಸ್ವಲ್ಪ ಅಲುಗಾಡ್ತು ಅನ್ನಿ.

ಜೈಶಂಕರ್ ಆರ್ಯರ್ ಅವರ ‘ಶಿವಮ್ಮ’ ನೋಡಿದೀರಾ? ಕೊಪ್ಪಳ ಜಿಲ್ಲೆ ಯರೇಹಂಚಿನಾಳ. ಮುಖ್ಯ ಪಾತ್ರ ಮಾಡಿದ ಶರಣಮ್ಮ ಚಟ್ಟಿ ಶಾಲೇಲಿ ಬಿಸಿಯೂಟ ಮಾಡೋರು. 2022ರಲ್ಲಿ ಬೂಸಾನ್ ಚಿತ್ರೋತ್ಸವದಲ್ಲಿ ನ್ಯೂ ಕರೆಂಟ್ಸ್ ಪ್ರಶಸ್ತಿ ಬಂತು ಅದಕ್ಕೆ. ಆಮೇಲೆ ನಟೇಶ್ ಹೆಗಡೆ ಅವರ ‘ಪೆಡ್ರೊ’. ಶಿರಸಿ ಕಡೆಯವರು, ಪೆಡ್ರೊ ಪಾತ್ರಕ್ಕೆ ಹಾಕ್ಕೊಂಡಿದ್ದು ತಮ್ಮ ಸ್ವಂತ ತಂದೆ ಗೋಪಾಲ ಹೆಗಡೆ ಅವರನ್ನ. ಅವರ ಮುಂದಿನ ಸಿನಿಮಾ ‘ವಾಘಾಚಿಪಾಣಿ’ 2025ರಲ್ಲಿ ಬರ್ಲಿನ್‌ಗೆ ಹೋಯ್ತು. ನನಗೆ ‘ಪೆಡ್ರೊ’ ಬಗ್ಗೆ ತಲೆ ಕೊರೆಯೋದು ಒಂದೇ, ಸ್ವಂತ ಅಪ್ಪನ್ನ ಕ್ಯಾಮೆರಾ ಮುಂದೆ ನಿಲ್ಲಿಸಿ, ಊರೆಲ್ಲ ದೂರ ಮಾಡೋ ಮನುಷ್ಯನ ಪಾತ್ರ ಕೊಡೋಕೆ ಎಷ್ಟು ವಿಶ್ವಾಸ ಬೇಕು, ಇಬ್ಬರ ಕಡೆಯಿಂದಾನೂ. ನಾನು ಮಾವನಿಗೆ ಪಾತ್ರಾನೂ ಕೊಡಲಿಲ್ಲ, ವಿಷಯಾನೂ ಹೇಳಲಿಲ್ಲ. ತೆಗೆದೆ, ಅಷ್ಟೇ.

ದುಡ್ಡಿನ ಮಾತು ಬಿಟ್ಟು ಇಂಡಿಪೆಂಡೆಂಟ್ ಸಿನಿಮಾ ಬಗ್ಗೆ ಮಾತಾಡೋದು, ಉಪ್ಪಿಲ್ಲದ ಸಾರು. ಪವನ್ ಕುಮಾರ್ ಅವರ ‘ಲೂಸಿಯಾ’ ಕತೆ ನಮ್ಮ ಪೀಳಿಗೆಗೆ ಪುರಾಣ ಇದ್ದಂಗೆ. 2011ರ ಕೊನೇಲಿ ಬ್ಲಾಗಲ್ಲಿ ಬರೆದ್ರು, ನಿರ್ಮಾಪಕರು ಸಿಗ್ತಿಲ್ಲ, ನೋಡೋರೇ ದುಡ್ಡು ಹಾಕಿ ಅಂತ. 110 ಜನ ಸೇರಿ 27 ದಿನಕ್ಕೆ ಐವತ್ತು ಲಕ್ಷ ದಾಟಿಸಿದ್ರು. 2013ರಲ್ಲಿ ಲಂಡನ್ ಇಂಡಿಯನ್ ಫಿಲ್ಮ್ ಫೆಸ್ಟಿವಲಲ್ಲಿ ಪ್ರೇಕ್ಷಕರ ಪ್ರಶಸ್ತಿ, ಆಮೇಲೆ ತಮಿಳಿಗೆ ರೀಮೇಕು. 2023ರಲ್ಲಿ ‘ಡೇರ್‌ಡೆವಿಲ್ ಮುಸ್ತಾಫಾ’ ಕೂಡ ಹಾಗೇ, ಪೂರ್ಣಚಂದ್ರ ತೇಜಸ್ವಿ ಅಭಿಮಾನಿಗಳೇ ಕೈ ಸೇರಿಸಿ ಮಾಡಿದ್ದು. ಇವೆಲ್ಲ ನಿಜ. ಆದ್ರೆ ಎರಡರ ನಡುವೆ ಹತ್ತು ವರ್ಷ ಇದೆ, ಅದನ್ನೂ ನೋಡಿ. ಪ್ರತಿ ಶುಕ್ರವಾರ ಆಗೋ ಪವಾಡ ಅಲ್ಲ ಅದು.

ಒಟಿಟಿ ಬಂದ್ಮೇಲೆ ನಮ್ಮಂಥೋರಿಗೆ ಬಾಗಿಲು ತೆರೀತು ಅಂದ್ಕೊಂಡ್ವಿ. ಕನ್ನಡಕ್ಕೆ ಆ ಬಾಗಿಲು ಕಿಟಕಿಯಷ್ಟೂ ಇಲ್ಲ. ‘ಏಕಂ’ ಅಂತ ಏಳು ಕಂತಿನ ವೆಬ್ ಸೀರೀಸ್. ರಕ್ಷಿತ್ ಶೆಟ್ಟಿ ಅವರಂಥವರ ಹೆಸರು ಹಿಂದಿದ್ದೂ ಯಾವ ಪ್ಲಾಟ್‌ಫಾರ್ಮೂ ತಗೊಳ್ಳಲಿಲ್ಲ ಅಂತ, 2024ರ ಜುಲೈನಲ್ಲಿ ತಮ್ಮದೇ ವೆಬ್‌ಸೈಟ್ ಮಾಡಿ ಬಿಡುಗಡೆ ಮಾಡಿದ್ರು. ಅವರಿಗೇ ಹಾಗಾದ್ರೆ ನನ್ನ ಟವೆಲ್ ಶಾಟಿಗೆ ಯಾರು ಬಾಗಿಲು ತೆಗೀತಾರೆ?

ಸರಿ, ಯೂಟ್ಯೂಬ್. ಜಾಹೀರಾತಿನ ಪಾಲು ಬರಬೇಕಾದ್ರೆ 1,000 ಸಬ್‌ಸ್ಕ್ರೈಬರ್ಸ್, ಜೊತೆಗೆ ವರ್ಷಕ್ಕೆ 4,000 ಗಂಟೆ ನೋಡಿಸ್ಬೇಕು. ಶಾರ್ಟ್ಸ್ ಆದ್ರೆ 90 ದಿನದಲ್ಲಿ 1 ಕೋಟಿ ವ್ಯೂಸ್. ನಾನು ಲೆಕ್ಕ ಹಾಕಿದೆ. 14 ನಿಮಿಷದ ಸಿನಿಮಾನ ಸುಮಾರು 17,000 ಸಲ ಮೊದಲಿಂದ ಕೊನೇವರೆಗೆ ಯಾರಾದ್ರೂ ನೋಡಿದ್ರೆ 4,000 ಗಂಟೆ. ಮುಡುಕುತೊರೆಯ ಪ್ರತಿಯೊಬ್ಬರೂ ಹತ್ತತ್ತು ಸಲ ನೋಡಿದ್ರೂ ಅನುಮಾನ. ನನ್ನ ಸಿನಿಮಾ ಇವತ್ತಿಗೆ 2,140 ವ್ಯೂಸ್‌ನಲ್ಲಿದೆ, ಅದರಲ್ಲಿ ನೂರು ನಂದೇ. ಅದೇ ಮಾವನ 22 ಸೆಕೆಂಡಿಗೆ 11 ಲಕ್ಷ. ಈ ಎರಡು ನಂಬರ್ ಪಕ್ಕಪಕ್ಕ ಇಟ್ಕೊಂಡು ಎಷ್ಟೋ ರಾತ್ರಿ ಕೂತಿದೀನಿ.

ಸರ್ಕಾರದ ಕಡೆಯಿಂದ ದೊಡ್ಡ ಮಾತುಗಳಿವೆ. ನಮ್ಮ ಪಕ್ಕದ ನಂಜನಗೂಡು ತಾಲ್ಲೂಕಿನ ಹಿಮ್ಮಾವು ಹತ್ರ ಫಿಲ್ಮ್ ಸಿಟಿ ಅಂತ ವರ್ಷಾನುಗಟ್ಟಲೆಯಿಂದ ಕೇಳ್ತಿದೀವಿ. 2025ರ ಮಾರ್ಚ್ ಬಜೆಟಲ್ಲಿ ಮೈಸೂರಿನ ಚಿತ್ರನಗರಿಗೆ 150 ಎಕರೆ, 500 ಕೋಟಿ ರೂಪಾಯಿ ಅಂದ್ರು, ಸರ್ಕಾರದ್ದೇ ಒಂದು ಒಟಿಟಿ ಅಂತಾನೂ ಹೇಳಿದ್ರು. ಫಿಲ್ಮ್ ಸಿಟಿ ಬಂದ್ರೆ ನಮ್ಮ ಕಡೆ ಹುಡುಗ್ರಿಗೆ ಲೈಟ್ ಹಿಡಿಯೋ, ಡ್ರೈವಿಂಗ್ ಮಾಡೋ, ಸೆಟ್ ಹಾಕೋ ಕೆಲಸ ಸಿಗುತ್ತೆ, ಬರಲಿ. ಆದ್ರೆ ನನಗೆ ಬೇಕಾಗಿರೋದು ಎಕರೆ ಲೆಕ್ಕದ್ದಲ್ಲ. ಟಿ. ನರಸೀಪುರದಲ್ಲಿ ತಿಂಗಳಿಗೊಂದು ಸಂಜೆ ಒಂದು ಹಾಲ್, ಒಂದು ಪ್ರೊಜೆಕ್ಟರ್, ಐವತ್ತು ಕುರ್ಚಿ. ಅಲ್ಲಿ ಫೋನ್ ಸೈಲೆಂಟ್ ಮಾಡಿ ಕೂರೋ ಜನ.

ಎಐ ಬಗ್ಗೆ ಕೇಳದೇ ಬಿಡಲ್ಲ ಯಾರೂ. 2025ರಲ್ಲಿ ‘ಲವ್ ಯೂ’ ಅನ್ನೋ ಕನ್ನಡ ಸಿನಿಮಾ ಪೂರ್ತಿ ಎಐನಲ್ಲೇ ಮಾಡಿ ಸೆನ್ಸಾರ್ ಸರ್ಟಿಫಿಕೇಟ್ ತಗೊಂಡ್ರು, ಖರ್ಚು 10 ಲಕ್ಷ ಅಂತ ಮಾಡಿದೋರೇ ಹೇಳಿದ್ರು. ನನ್ನ ರೀಲ್ಸ್ ಗೆಳೆಯ ಒಂದು ದಿನ ‘ಹಳ್ಳಿಕಾರ್ ಎತ್ತು, ನದಿ ತೀರ, ಜಾತ್ರೆ’ ಅಂತ ಟೈಪ್ ಮಾಡಿ ವಿಡಿಯೊ ಮಾಡಿಸಿ ತೋರಿಸಿದ. ಬೆಳಕು ನನ್ನ ಸಿನಿಮಾಗಿಂತ ಚೆನ್ನಾಗಿತ್ತು, ಸುಳ್ಳಲ್ಲ. ಮಾವನಿಗೆ ತೋರಿಸ್ದೆ. ಒಂದೇ ಕ್ಷಣ ನೋಡಿ, ‘ಇದ್ಯಾವ ಎತ್ಲಾ, ಮೂಗ್ದಾರ ಎಲ್ಲದೆ?’ ಅಂದ್ರು. ಇರಲಿಲ್ಲ. ನಾವಿಬ್ರೂ ನೋಡಿರಲಿಲ್ಲ.

ಹಾಗಂತ ತಂತ್ರಜ್ಞಾನ ಬೇಡ, ಹಳೇದೇ ಚೆಂದ ಅನ್ನೋನಲ್ಲ ನಾನು. ಶಾನ್ ಬೇಕರ್ 2015ರಲ್ಲಿ ‘ಟ್ಯಾಂಜರೀನ್’ ಸಿನಿಮಾನ ಐಫೋನ್ ಫೈವ್ ಎಸ್‌ನಲ್ಲಿ ತೆಗೆದ್ರು. ಅದೇ ಮನುಷ್ಯ 2025ರಲ್ಲಿ ‘ಅನೋರಾ’ಗೆ ಆಸ್ಕರ್ ಹಿಡ್ಕೊಂಡ್ರು. ಇತ್ತ ನಮ್ಮ ಚಿದಾನಂದ ನಾಯ್ಕ್ ಮೈಸೂರಲ್ಲಿ ಡಾಕ್ಟರ್ ಓದಿ, ಪುಣೆ ಫಿಲ್ಮ್ ಇನ್‌ಸ್ಟಿಟ್ಯೂಟಿಗೆ ಹೋಗಿ, ನಾಲ್ಕೇ ದಿನದಲ್ಲಿ ಒಂದು ಕಿರುಚಿತ್ರ ತೆಗೆದ್ರು. 2024ರಲ್ಲಿ ಕಾನ್ ಚಿತ್ರೋತ್ಸವದ ವಿದ್ಯಾರ್ಥಿ ವಿಭಾಗದಲ್ಲಿ ಮೊದಲ ಬಹುಮಾನ. ಕತೆ ಏನು ಗೊತ್ತಾ? ಮುದುಕಿ ಕೋಳಿ ಎತ್ಕೊಂಡು ಹೋದ್ರೆ ಊರಿಗೆ ಬೆಳಗಾಗಲ್ಲ ಅನ್ನೋದು. ನಮ್ಮಜ್ಜಿ ಹೇಳ್ತಿದ್ದ, ನಿಮ್ಮಜ್ಜಿಯೂ ಹೇಳಿರೋ ಕತೆ. ನಾವು ಅದನ್ನ ಗಾದೆ ಮಾಡ್ಕೊಂಡು ಬೈಯೋಕೆ ಬಳಸ್ತಿದ್ವಿ, ಅವರು ಅದನ್ನ ರಾತ್ರಿಯಿಡೀ ಕೂತು ಸಿನಿಮಾ ಮಾಡಿದ್ರು.

ನನ್ನ ಸಿನಿಮಾಕ್ಕೆ ವಾಪಸ್ ಬರ್ತೀನಿ. ಎಡಿಟ್ ಟೇಬಲ್ ಮೇಲೆ ಆ 22 ಸೆಕೆಂಡು ಇನ್ನೂ ಇತ್ತು. ಅದೇ ಕ್ಲೈಮ್ಯಾಕ್ಸು. ಮಾವನ್ನ ಕೇಳಿದೆ, ಇರಲಾ ಬೇಡ್ವಾ ಅಂತ. ಯೋಚನೆ ಮಾಡಿ, ‘ನಂದೇನೈತೆ. ಅವ್ನ್ ಒಪ್ಪುದ್ರೆ ಇರ್ಲಿ’ ಅಂದ್ರು. ಅವನು ಅಂದ್ರೆ ಮಗ. ಭಾವನ ಹತ್ರ ಹೋದೆ. ಭಾನುವಾರ, ಮನೆ ಮುಂದೆ ಬೈಕ್ ತೊಳೀತಿದ್ರು. ಲ್ಯಾಪ್‌ಟಾಪಲ್ಲಿ ಪೂರ್ತಿ ತೋರಿಸ್ದೆ, ಟ್ಯೂನ್ ಇಲ್ಲದೆ, ಗಾಳಿ ಸದ್ದು ಸಮೇತ. ನೋಡಿ ಸುಮ್ಮನಾದ್ರು. ಆಮೇಲೆ ಬಟ್ಟೆ ಹಿಂಡ್ತಾ ‘ತೆಗೆದುಬಿಡು’ ಅಂದ್ರು. ಕಾರಣ ಹೇಳಲಿಲ್ಲ, ನಾನೂ ಕೇಳಲಿಲ್ಲ.

ತೆಗೆದೆ. ಈಗ ಸಿನಿಮಾ ಮುಗಿಯೋದು ಹಗ್ಗದ ಮೇಲೆ. ಮಾವನ ಕೈ ಹಗ್ಗ ಸುತ್ತುತ್ತೆ, ಮುಖ ಕಾಣಲ್ಲ. ನೋಡಿದ ಗೆಳೆಯರು ‘ಕೊನೇಲಿ ಪಂಚ್ ಇಲ್ಲ ಮಗಾ’ ಅಂದ್ರು. ಎರಡು ಫೆಸ್ಟಿವಲ್ ಬೇಡ ಅಂದ್ವು, ಒಂದು ಸಣ್ಣ ಕಡೆ ಹಾಕಿದ್ರು. ಆ ಶಾಟ್ ಇದ್ದಿದ್ರೆ ಸಿನಿಮಾ ಇನ್ನೂ ಗಟ್ಟಿ ಇರ್ತಿತ್ತು ಅಂತ ನನಗೂ ಅನ್ಸುತ್ತೆ. ಕೈ ಶಾಟೇ ಚೆಂದ ಅಂತ ನಿಮ್ಮ ಮುಂದೆ ದೊಡ್ಡ ಮಾತಾಡೋಕೆ ನನಗೆ ಬರಲ್ಲ. ಹಾರ್ಡ್ ಡಿಸ್ಕಿಂದಾನೂ ಅಳಿಸಿದೀಯಾ ಅಂತ ಕೇಳಬೇಡಿ. [ನಗು] ಇಲ್ಲ, ಅಳಿಸಿಲ್ಲ. ಅಷ್ಟು ಒಳ್ಳೆಯವನಲ್ಲ ನಾನು.

ಕಳೆದ ವರ್ಷ ಮಾವನ ಅಂಗಳದಲ್ಲೇ ತೋರಿಸಿದ್ವಿ. ಬಾಡಿಗೆ ಪ್ರೊಜೆಕ್ಟರು, ಗೋಡೆಗೆ ಬಿಳಿ ಪಂಚೆ ಕಟ್ಟಿ. ಮೂವತ್ತು ನಲವತ್ತು ಜನ ಬಂದಿದ್ರು. ಭಾವ ಕೂಡ ಬಂದಿದ್ರು, ಹಿಂದೆ ಬೈಕ್ ಮೇಲೆ ಕೂತು ನೋಡಿದ್ರು. ದೊಡ್ಡೋನು, ಚಿಕ್ಕೋನು ತೆರೆ ಮೇಲೆ ಬಂದ ತಕ್ಷಣ ಹೆಂಗಸ್ರೆಲ್ಲ ಹೆಸರು ಹಿಡಿದು ಕೂಗಿದ್ರು. ಟವೆಲ್ ಶಾಟಲ್ಲಿ ಯಾರಿಗೂ ಬೋರ್ ಆಗಲಿಲ್ಲ. ಒಬ್ಬೊಬ್ಬರೂ ರೇಟು ಊಹೆ ಮಾಡ್ತಿದ್ರು: ‘ಎಂಬತ್ತು’, ‘ಇಲ್ಲ ಕನ, ತೊಂಬತ್ತರ ಮೇಲದೆ, ಬೆರಳ್ ನೋಡು’. ಬೆರಳೇ ಕಾಣ್ತಿರಲಿಲ್ಲ!

ಮುಗಿದ ಮೇಲೆ ಎಲ್ರೂ ಚಪ್ಪಾಳೆ ಹೊಡೆದ್ರು. ಮಾವ ಮಾತ್ರ ಸುಮ್ಮನಿದ್ರು. ಜನ ಹೋದ ಮೇಲೆ ಪಂಚೆ ಮಡಿಸ್ತಾ ಕೇಳಿದ್ರು:

‘ಆಮೇಲ್ ಎಲ್ಗೋದೊ ಅವು?’

‘ಯಾವು ಮಾವ?’

‘ಎತ್ತು. ಹೊಳೆ ಆಚ್ಗೆ ಹೋದೊ. ಅಲ್ಲಿಂದಾಚ್ಗೆ ನೀನ್ ತೆಗೀನೇ ಇಲ್ವಲ್ಲ.’

ನಾನು ತೆಗೆದಿರಲಿಲ್ಲ. ನನ್ನ ಕ್ಯಾಮೆರಾ ಮಾವನ ಮುಖದ ಮೇಲಿತ್ತು, ಮಾವ ನೋಡ್ತಿದ್ದಿದ್ದು ಎತ್ತುಗಳನ್ನ.

ಆ ಕೊಂಡೋರ ಫೋನ್ ನಂಬರ್ ದಲ್ಲಾಳಿ ಹತ್ರ ಸಿಕ್ತು. ಚಿಕ್ಕೋನು ಅಲ್ಲೇ ಇದೆಯಂತೆ, ದೊಡ್ಡೋನ್ನ ಇನ್ನೊಂದು ಕಡೆಗೆ ಕೊಟ್ಟಿದಾರಂತೆ, ಎಲ್ಲಿ ಅಂತ ಸರಿಯಾಗಿ ಹೇಳಲಿಲ್ಲ. ಬರೋ ವಾರ ಹೋಗ್ತಿದೀವಿ, ನಾನು, ಮಾವ, ಗಾಡಿ ಓಡಿಸೋಕೆ ಭಾವ. ಈ ಸಲ ಕ್ಯಾಮೆರಾ ಯಾವಾಗ ಆನ್ ಮಾಡಬೇಕು, ಯಾವಾಗ ಆಫ್ ಮಾಡಬೇಕು ಅಂತ ಭಾವ ಹೇಳ್ತಾರಂತೆ. ಒಪ್ಕೊಂಡಿದೀನಿ. ಮಾವ ಆ ಹಳೇ ಹಗ್ಗ ಒಗೆದು ಒಣಗಿ ಹಾಕಿದಾರೆ. ಯಾಕೆ ಅಂದ್ರೆ, ‘ಇರ್ಲಿ ಬುಡು’ ಅಂತಾರೆ.

ಗಾಳಿ ಜೋರಾಯ್ತು, ಮೈಕಿಗೆ ಹೊಡೀತಿದೆ. ಇಲ್ಲಿಗೆ ಬಿಡ್ತೀನಿ.